ಶಾಲೆಯ ಮೈದಾನಕ್ಕೆ ಟರ್ಫ್ ಬೇಡ, ಗರಿಕೆಯೇ ಇರಲಿ

ಕಳೆದ ತಿಂಗಳು ನಮ್ಮೂರಿನ ಶಾಲೆಯೊಂದರ ಆಡಳಿತ ಸಮಿತಿ ಪೋಷಕರ ಸಭೆ ಕರೆದಿತ್ತು. ಫೀಸ್ ಏರಿಸುವ ಸುದ್ದಿಯೇ ಇರಬೇಕು ಅಂತ ಹೆದರಿಕೊಂಡೇ ಹೋಗಿದ್ದೆವು. ಹಾಗಾಗಲಿಲ್ಲ. ಪ್ರೊಜೆಕ್ಟರಿನಲ್ಲಿ ಒಂದು ಚಿತ್ರ ತೋರಿಸಿದರು. ಈಗಿರುವ ಕೆಂಪು ಮಣ್ಣಿನ ಮೈದಾನದ ಜಾಗದಲ್ಲಿ ಹಚ್ಚ ಹಸಿರಿನ ಟರ್ಫ್, ಸುತ್ತ ಮೂವತ್ತು ಅಡಿ ಎತ್ತರದ ಬಲೆ, ನಾಲ್ಕು ಮೂಲೆಗೆ ಫ್ಲಡ್ ಲೈಟ್. ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಗಳು ಅರ್ಧ ದುಡ್ಡು ಕೊಡುತ್ತಾರೆ, ಉಳಿದರ್ಧ ಸಾಲ. ಶಾಲೆ ಬಿಟ್ಟ ಮೇಲೆ ಸಂಜೆ ಐದರಿಂದ ರಾತ್ರಿ ಹನ್ನೆರಡರ ತನಕ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟರೆ ಐದು ವರ್ಷದಲ್ಲಿ ಸಾಲ ತೀರುತ್ತದೆ ಎಂದು ಲೆಕ್ಕವನ್ನೂ ಕೊಟ್ಟರು. ಚಪ್ಪಾಳೆ ಬಿತ್ತು. ನಮ್ಮಲ್ಲಿ ಕೆಲವರು ಚಪ್ಪಾಳೆ ತಟ್ಟಿದ್ದೂ ಹೌದು. ಮನೆಗೆ ಬಂದು ರಾತ್ರಿ ಊಟಕ್ಕೆ ಕೂತು ವಿಷಯ ಹೇಳಿದಾಗ ಏಳನೇ ಕ್ಲಾಸಿನ ಹುಡುಗ ಕೇಳಿದ: "ಹಾಗಾದ್ರೆ ಸಂಜೆ ನಾವು ಎಲ್ಲಿ ಆಡೋದು?"

ಆ ಪ್ರಶ್ನೆಗೆ ಆ ರಾತ್ರಿ ನಮ್ಮಲ್ಲಿ ಉತ್ತರ ಇರಲಿಲ್ಲ. ಶಾಲೆಯ ಹೆಸರು ಇಲ್ಲಿ ಬೇಡ. ಸಮಿತಿಯವರು ಕೆಟ್ಟವರಲ್ಲ, ಮಕ್ಕಳಿಗೆ ಒಳ್ಳೆಯದಾಗಲಿ ಅಂತಲೇ ಹೊರಟವರು. ಅದೂ ಅಲ್ಲದೆ ಇದು ಒಂದು ಶಾಲೆಯ ಕಥೆಯಾಗಿ ಉಳಿಯುವ ಲಕ್ಷಣ ಇಲ್ಲ. ಮಂಗಳೂರಿನಿಂದ ಹಿಡಿದು ಹೆದ್ದಾರಿ ಬದಿಯ ಸಣ್ಣ ಪೇಟೆಗಳ ತನಕ ಟರ್ಫ್ ಏಳುತ್ತಿರುವುದನ್ನು ಎಲ್ಲರೂ ನೋಡುತ್ತಿದ್ದೇವೆ. ಇಷ್ಟು ದಿನ ಅದು ಯಾರೋ ತಮ್ಮ ಜಾಗದಲ್ಲಿ ತಮ್ಮ ದುಡ್ಡಿನಲ್ಲಿ ಮಾಡುತ್ತಿದ್ದ ವ್ಯಾಪಾರ. ಈಗ ಮಾತು ಶಾಲೆಯ ಅಂಗಳಕ್ಕೆ ಬಂದಿದೆ.

ಮೊದಲೇ ಹೇಳಿಬಿಡುತ್ತೇವೆ, ನಾವು ಟರ್ಫಿನ ವೈರಿಗಳಲ್ಲ. ನಮ್ಮಲ್ಲಿ ಇಬ್ಬರು ದುಬೈ, ಜುಬೈಲಿನಲ್ಲಿ ವರ್ಷಗಟ್ಟಲೆ ದುಡಿದು ಬಂದವರು. ವಾರದ ರಜೆಯ ಹಿಂದಿನ ರಾತ್ರಿ ಇಶಾ ಮುಗಿಸಿ, ರೂಮಿನವರೆಲ್ಲ ದುಡ್ಡು ಹಾಕಿ ಟರ್ಫಿನಲ್ಲಿ ಆಡಿದ ಫುಟ್ಬಾಲ್ ಇಲ್ಲದಿದ್ದರೆ ಆ ವರ್ಷಗಳನ್ನು ಕಳೆಯುವುದು ಕಷ್ಟ ಇತ್ತು ಅಂತ ಅವರೇ ಹೇಳುತ್ತಾರೆ. ಇಲ್ಲಿಯೂ ಬಟ್ಟೆ ಅಂಗಡಿಯಲ್ಲೋ ಮೊಬೈಲ್ ಅಂಗಡಿಯಲ್ಲೋ ರಾತ್ರಿ ಒಂಬತ್ತಕ್ಕೆ ಬಿಡುಗಡೆಯಾಗುವ ಹುಡುಗನಿಗೆ ಆಡಲು ಬೇರೆ ಜಾಗ ಯಾವುದಿದೆ? ನಮ್ಮ ಕೆಂಪು ಮಣ್ಣಿನ ಮೈದಾನವೂ ಹೂವಿನ ಹಾಸಿಗೆಯಲ್ಲ. ಮುರಕಲ್ಲಿನ ಹುಡಿ, ಹರಳು. ಒಮ್ಮೆ ಬಿದ್ದರೆ ಮಂಡಿಯ ಚರ್ಮ ಅಲ್ಲೇ. ನಮ್ಮೆಲ್ಲರ ಮಂಡಿಯಲ್ಲಿ ಆ ಗುರುತು ಈಗಲೂ ಇದೆ. ಟರ್ಫಿನಲ್ಲಿ ಚೆಂಡು ನೇರ ಪುಟಿಯುತ್ತದೆ, ಪಾಸ್ ಕೊಟ್ಟಲ್ಲಿಗೆ ಹೋಗುತ್ತದೆ, ಮಳೆ ಬಂದರೂ ಕೆಸರಿಲ್ಲ. ದಿನವಿಡೀ ಆಡಿದರೂ ಅದು ಸವೆಯುವುದು ನಿಧಾನ. ಹುಲ್ಲಾದರೆ ವಾರಕ್ಕೆ ಇಪ್ಪತ್ತು ಗಂಟೆ ದಾಟಿತೆಂದರೆ ಗೋಲಿನ ಮುಂದೆ ಬೋಳಾಗಲು ಶುರು. ಇದೆಲ್ಲ ನಿಜ. ಇದನ್ನು ಒಪ್ಪದೆ ವಾದ ಮಾಡಿದರೆ ಹುಡುಗರು ನಗುತ್ತಾರೆ.

ಹಾಗಾದರೆ ತಕರಾರು ಎಂತದ್ದು?

ಈ ಪ್ಲಾಸ್ಟಿಕ್ ಹುಲ್ಲು ಯಾಕೆ ಹುಟ್ಟಿತು ಅನ್ನುವುದನ್ನು ಸ್ವಲ್ಪ ನೋಡಬೇಕು. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1965ರಲ್ಲಿ ಆಸ್ಟ್ರೋಡೋಮ್ ಎಂಬ ಸ್ಟೇಡಿಯಂ ಕಟ್ಟಿದರು. ಇಡೀ ಮೈದಾನಕ್ಕೇ ಮಾಡು ಹಾಕಿದ್ದರು. ಬೆಳಕು ಬರಲಿ ಅಂತ ಮಾಡಿಗೆ ಪಾರದರ್ಶಕ ಹಾಳೆ ಕೂರಿಸಿ ಕೆಳಗೆ ನಿಜವಾದ ಹುಲ್ಲು ಬೆಳೆಸಿದ್ದರು. ಆದರೆ ಮೇಲಿಂದ ಬರುವ ಪ್ರಖರ ಬೆಳಕಿಗೆ ಬೇಸ್‌ಬಾಲ್ ಆಟಗಾರರಿಗೆ ಚೆಂಡೇ ಕಾಣಿಸದಾಯಿತು. ಮಾಡಿನ ಹಾಳೆಗಳಿಗೆ ಬಣ್ಣ ಬಳಿದರು. ಬಿಸಿಲು ನಿಂತಿತು, ಹುಲ್ಲು ಸತ್ತಿತು. ಅದರ ಜಾಗಕ್ಕೆ 1966ರಲ್ಲಿ ನೈಲಾನ್ ಹುಲ್ಲು ಹಾಸಿದರು. ಆಸ್ಟ್ರೋಟರ್ಫ್ ಅನ್ನುವ ಹೆಸರು ಅಲ್ಲಿಂದಲೇ ಬಂದದ್ದು. ಹುಲ್ಲು ಬೆಳೆಯದ ಜಾಗಕ್ಕೆ ಹುಡುಕಿದ ಉಪಾಯ ಅದು. ಗಲ್ಫಿನಲ್ಲಿ ಬಿಸಿಲು ಉಂಟು, ನೀರಿಲ್ಲ. ಅಲ್ಲಿಗೂ ಸರಿಯೇ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ. ಜೂನ್ ಬಂತೆಂದರೆ ಟೆರೇಸಿನ ಬಿರುಕಿನಲ್ಲೂ ಹುಲ್ಲು, ಬಾವಿಕಟ್ಟೆಯ ಸಂದಿಯಲ್ಲೂ ಹುಲ್ಲು. ಹುಲ್ಲು ಕೀಳಲು ಆಳು ಸಿಗದ ಊರಿನಲ್ಲಿ ನಾವು ಹುಲ್ಲಿನ ಬೊಂಬೆಯನ್ನು ಸಾಲ ಮಾಡಿ ತರಿಸುತ್ತಿದ್ದೇವೆ.

ಇಲ್ಲಿ ಟರ್ಫ್ ಬಗೆಹರಿಸುವ ಸಮಸ್ಯೆ ಹುಲ್ಲಿನದ್ದಲ್ಲ, ಜಾಗದ್ದು. ನಮ್ಮ ಪ್ರಾಯದವರಿಗೆ ಮೈದಾನ ಅಂತ ಬೇರೆ ಇರಲಿಲ್ಲ. ಸುಗ್ಗಿ ಬೆಳೆ ಕೊಯ್ದ ಮೇಲೆ ಗದ್ದೆಯೇ ಮೈದಾನ. ಎರಡು ಗದ್ದೆಯ ನಡುವಿನ ಬದುವೇ ಬೌಂಡರಿ ಗೆರೆ. ಗದ್ದೆಯ ಯಜಮಾನರು ಬಂಟರೋ ಕೊಂಕಣಿಯವರೋ ಬ್ಯಾರಿಯೋ, ಆಡುವ ಮಕ್ಕಳನ್ನು ಓಡಿಸಿದವರು ಕಮ್ಮಿ. ಬೇಲಿ ದಾಟಿ ಬಿದ್ದ ಚೆಂಡನ್ನು ವಾಪಸ್ ಕೊಡದ ಒಬ್ಬರು ಪ್ರತಿ ಊರಿನಲ್ಲೂ ಇದ್ದರು, ಆ ಮಾತು ಬೇರೆ. ಗುಡ್ಡೆಯ ಮೇಲೆ ಸ್ವಲ್ಪ ತಟ್ಟು ಜಾಗ ಇದ್ದರೆ ಅಲ್ಲಿ ವಾಲಿಬಾಲ್. ಮಳೆಗಾಲ ಬಂದರೆ ಕೆಸರಲ್ಲೇ ಫುಟ್ಬಾಲ್. ಶಾಲಾ ಪಂದ್ಯಾಟಕ್ಕೆ ಮಂಗಳೂರಿನ ನೆಹರೂ ಮೈದಾನಕ್ಕೆ ಹೋಗುವುದೆಂದರೆ ಹಬ್ಬ. ಈಗ ಗದ್ದೆ ತೋಟವಾಯಿತು, ತೋಟ ಸೈಟಾಯಿತು. ಗುಡ್ಡೆಯನ್ನು ಕಲ್ಲಿಗಾಗಿ ಕಡಿದು ಹೊಂಡ ಮಾಡಿದ್ದೇವೆ. ಪುಕ್ಕಟೆ ಆಡುವ ಜಾಗ ಮುಗಿದ ಮೇಲೆ ಗಂಟೆಗೆ ಇಷ್ಟು ಅಂತ ಮಾರುವ ಜಾಗ ಬಂತು. ಅದರಲ್ಲಿ ಆಶ್ಚರ್ಯ ಇಲ್ಲ. ಉಳಿದಿರುವ ಒಂದೇ ಒಂದು ಪುಕ್ಕಟೆ ಜಾಗ ಅಂದರೆ ಶಾಲೆಯ ಮೈದಾನ. ಅದನ್ನೂ ಗಂಟೆ ಲೆಕ್ಕಕ್ಕೆ ಇಳಿಸಬೇಕಾ ಅನ್ನುವುದೇ ನಮ್ಮ ಪ್ರಶ್ನೆ.

ದುಡ್ಡಿನ ಮಾತು ಆಡಿಬಿಡೋಣ. ಗಂಟೆಗೆ ಸಾವಿರ ರೂಪಾಯಿಯ ಆಸುಪಾಸು ಬಾಡಿಗೆ ಅಂತ ಇಟ್ಟುಕೊಳ್ಳಿ. ಹತ್ತು ಹುಡುಗರು ಹಂಚಿಕೊಂಡರೆ ತಲಾ ನೂರು. ವಾರಕ್ಕೆ ಮೂರು ದಿನ ಆಡಿದರೆ ತಿಂಗಳಿಗೆ ಸಾವಿರದ ಇನ್ನೂರು. ಮನೆಯಲ್ಲಿ ಇಬ್ಬರು ಹುಡುಗರಿದ್ದರೆ ಎರಡು ಸಾವಿರದ ನಾನ್ನೂರು. ಉಪ್ಪ ಸೌದಿಯಲ್ಲಿರುವ ಮನೆಗೆ ಇದು ದೊಡ್ಡ ಮೊತ್ತ ಅಲ್ಲ. ಉಮ್ಮ ಬೀಡಿ ಕಟ್ಟಿ ಸಂಸಾರ ಸಾಗಿಸುವ ಮನೆಗೆ? ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವನ ಮನೆಗೆ? ಆ ಮನೆಯ ಹುಡುಗ "ದುಡ್ಡಿಲ್ಲ" ಅಂತ ಗೆಳೆಯರ ಹತ್ತಿರ ಯಾವತ್ತೂ ಹೇಳುವುದಿಲ್ಲ. "ಕಾಲು ನೋವುಂಟು" ಅನ್ನುತ್ತಾನೆ, "ನಾಳೆ ಟೆಸ್ಟ್ ಉಂಟು" ಅನ್ನುತ್ತಾನೆ. ಎರಡು ವಾರ ಹೀಗೆ ಹೇಳಿದ ಮೇಲೆ ಮೂರನೇ ವಾರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಅವನನ್ನು ಯಾರೂ ಕೇಳುವುದೂ ಇಲ್ಲ. ಬಲೆಯ ಹೊರಗೆ ಬೈಕಿನ ಮೇಲೆ ಕೂತು ಮೊಬೈಲ್ ನೋಡುತ್ತಿರುವ ಹುಡುಗರನ್ನು ಒಮ್ಮೆ ಗಮನಿಸಿ. ಎಲ್ಲರೂ ತಮ್ಮ ಟೀಮಿನ ಸರದಿಗೆ ಕಾಯುತ್ತಿರುವವರಲ್ಲ. ಹುಡುಗರು ಕೆಟ್ಟು ಹೋಗುತ್ತಿದ್ದಾರೆ, ಅಮಲಿನ ಹಿಂದೆ ಬಿದ್ದಿದ್ದಾರೆ ಅಂತ ನಾವು ಪ್ರತಿ ಸಭೆಯಲ್ಲಿ ಭಾಷಣ ಕೇಳುತ್ತೇವೆ. ಸಂಜೆ ಐದರಿಂದ ಏಳರ ತನಕ ಅವರು ಎಲ್ಲಿರಬೇಕು ಅನ್ನುವುದನ್ನು ಮಾತ್ರ ಯಾವ ಭಾಷಣದಲ್ಲೂ ಹೇಳುವುದಿಲ್ಲ.

ಆಟದ ನೆಲ ದುಬಾರಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ದೇಶದ ಹಾಕಿ ಸಾಕು. 1975ರಲ್ಲಿ ಕ್ವಾಲಾಲಂಪುರದಲ್ಲಿ ಭಾರತ ವಿಶ್ವಕಪ್ ಗೆದ್ದಿತು. ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಎದುರು ಸೋಲುವ ಹಂತದಲ್ಲಿದ್ದಾಗ ಅಸ್ಲಂ ಶೇರ್ ಖಾನ್ ಹೊಡೆದ ಗೋಲು ಹಳೆಯವರಿಗೆಲ್ಲ ನೆನಪಿದೆ. ಪಕ್ಕದ ಕೊಡಗಿನ ಬಿ.ಪಿ. ಗೋವಿಂದ ಅದೇ ತಂಡದಲ್ಲಿದ್ದರು. ಆ ಪಂದ್ಯಗಳೆಲ್ಲ ನಡೆದದ್ದು ಹುಲ್ಲಿನ ಮೇಲೆ. ಮರುವರ್ಷ, 1976ರಲ್ಲಿ, ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹಾಕಿಯನ್ನು ಕೃತಕ ಟರ್ಫಿನಲ್ಲಿ ಆಡಿಸಿದರು. ಭಾರತ ಏಳನೇ ಸ್ಥಾನಕ್ಕೆ ಇಳಿಯಿತು. 1980ರ ಮಾಸ್ಕೋದಲ್ಲಿ ಚಿನ್ನ ಬಂತು ಹೌದು, ಆದರೆ ಬಹಿಷ್ಕಾರದಿಂದ ದೊಡ್ಡ ತಂಡಗಳೇ ಬಂದಿರಲಿಲ್ಲ. ಮುಂದಿನ ಪದಕಕ್ಕೆ 41 ವರ್ಷ ಕಾದೆವು. ಸೋಲಿಗೆ ಟರ್ಫ್ ಒಂದೇ ಕಾರಣ ಅಂತ ನಾವು ಹೇಳುವುದಿಲ್ಲ, ಸಂಘಟಕರ ಜಗಳಗಳೂ ಇದ್ದವು. ಆದರೆ ಯುರೋಪಿನ ಕ್ಲಬ್ಬುಗಳು ಒಂದರ ಹಿಂದೆ ಒಂದು ಟರ್ಫ್ ಹಾಕುತ್ತಿದ್ದಾಗ ನಮ್ಮ ಹಳ್ಳಿಯ ಹುಡುಗರು ಮಣ್ಣಿನಲ್ಲೇ ಕಲಿತು, ಆಯ್ಕೆ ಶಿಬಿರಕ್ಕೆ ಹೋದ ಮೇಲೆ ಮೊದಲ ಸಲ ಟರ್ಫ್ ಮುಟ್ಟುತ್ತಿದ್ದರು. ನೆಲ ಯಾರ ಹತ್ತಿರ ಇತ್ತೋ ಆಟ ಅವರ ಪಾಲಾಯಿತು.

ಇದೇ ಕಥೆಗೆ ಇನ್ನೊಂದು ಮುಖವೂ ಇದೆ. ಒಡಿಶಾ ಸರಕಾರ ಹಾಕಿಯನ್ನು ಕೈಗೆತ್ತಿಕೊಂಡ ಮೇಲೆ ಸುಂದರ್‌ಗಢ ಜಿಲ್ಲೆಯ ಎಲ್ಲ 17 ಬ್ಲಾಕುಗಳಲ್ಲೂ ಹಾಕಿ ಟರ್ಫ್ ಹಾಸುವ ಯೋಜನೆ ಮಾಡಿತು. ಬುಡಕಟ್ಟು ಮಕ್ಕಳು ಬಿದಿರಿನ ಕೋಲು ಹಿಡಿದು ಆಡುತ್ತಿದ್ದ ಜಿಲ್ಲೆ ಅದು. ಸರಕಾರ ಹಾಸಿದ ಆ ಟರ್ಫಿನ ಗುರಿ ಬಾಡಿಗೆಯಲ್ಲ, ಅದೇ ಮಕ್ಕಳು. ಹಾಗಾಗಿ ಪ್ಲಾಸ್ಟಿಕ್ ಅಂದ ಕೂಡಲೇ ಹರಾಮು ಅನ್ನುವ ಹಾಗೆ ಮಾತಾಡುವುದು ತಪ್ಪು. ಗೇಟಿನ ಕೀಲಿಕೈ ಯಾರ ಜೇಬಿನಲ್ಲಿದೆ ಅನ್ನುವುದನ್ನು ಮೊದಲು ಕೇಳಬೇಕು. ಕೊಡಗಿನಲ್ಲಿ ನೋಡಿ, 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದ ಕುಟುಂಬ ಹಾಕಿ ಉತ್ಸವ ಈಗ ನೂರಾರು ಮನೆತನಗಳು ಸೇರುವ ದೊಡ್ಡ ಜಾತ್ರೆ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುತ್ತಾರೆ. ಅದಕ್ಕೆ ಬೇಕಾದದ್ದು ಒಂದು ಅಗಲವಾದ, ತೆರೆದ ಮೈದಾನ.

ಇನ್ನು ಮೈ ಕೈಗೆ ಸಂಬಂಧಿಸಿದ ಸಂಗತಿ. ಟರ್ಫಿನಿಂದ ಕ್ಯಾನ್ಸರ್ ಬರುತ್ತದೆ ಅಂತ ಒಂದು ಮೆಸೇಜ್ ಫ್ಯಾಮಿಲಿ ಗ್ರೂಪುಗಳಲ್ಲಿ ಸುತ್ತುತ್ತಿದೆ. ಅದನ್ನು ನಮ್ಮ ವಾದಕ್ಕೆ ಬಳಸಿಕೊಳ್ಳಬಹುದಿತ್ತು, ಬಳಸುವುದಿಲ್ಲ. ಈ ಭಯ ಹುಟ್ಟಿದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ. ಟರ್ಫಿನ ನಾರುಗಳ ನಡುವೆ ಹಳೆಯ ಟೈರು ಪುಡಿ ಮಾಡಿದ ಕಪ್ಪು ಹರಳು ತುಂಬುತ್ತಾರಲ್ಲ, ಅದರಲ್ಲಿ ಬಿದ್ದು ಎದ್ದು ಆಡಿದ ಗೋಲ್‌ಕೀಪರುಗಳಿಗೆ ಕ್ಯಾನ್ಸರ್ ಬರುತ್ತಿದೆ ಅಂತ ಅಲ್ಲಿನ ಫುಟ್ಬಾಲ್ ಕೋಚ್ ಒಬ್ಬರು ಹೆಸರುಗಳ ಪಟ್ಟಿ ಮಾಡಿದರು. ರಾಜ್ಯದ ಆರೋಗ್ಯ ಇಲಾಖೆ ತನಿಖೆ ಮಾಡಿ, ಆ ಪ್ರಾಯದವರಲ್ಲಿ ಸಾಮಾನ್ಯವಾಗಿ ಕಾಣುವುದಕ್ಕಿಂತ ಹೆಚ್ಚು ಕ್ಯಾನ್ಸರ್ ಆ ಪಟ್ಟಿಯಲ್ಲಿ ಇಲ್ಲ ಅಂತ 2017ರಲ್ಲಿ ವರದಿ ಕೊಟ್ಟಿತು. ಅಮೆರಿಕದ ಕೇಂದ್ರ ಪರಿಸರ ಸಂಸ್ಥೆಯೂ ಬೇರೆ ಸಂಸ್ಥೆಗಳ ಜೊತೆ ಸೇರಿ ಪರೀಕ್ಷೆ ನಡೆಸಿತು. ಟೈರಿನ ಹರಳಿನಲ್ಲಿ ಹಲವು ರಾಸಾಯನಿಕಗಳಿವೆ, ಆದರೆ ಆಡುವವರ ಮೈಗೆ ಸೇರುವ ಪ್ರಮಾಣ ಸೀಮಿತ ಎಂಬುದು 2019 ಮತ್ತು 2024ರ ಅವರ ವರದಿಗಳ ಸಾರ. ಆದ್ದರಿಂದ ಆ ಮೆಸೇಜ್ ಫಾರ್ವರ್ಡ್ ಮಾಡಿ ಉಮ್ಮಂದಿರನ್ನು ಹೆದರಿಸಬೇಡಿ.

ಹೆದರಬೇಕಾದದ್ದು ಬಿಸಿಗೆ. ಹುಲ್ಲು ತನ್ನೊಳಗಿನ ನೀರನ್ನು ಬಿಟ್ಟು ತನ್ನನ್ನು ತಂಪಾಗಿಟ್ಟುಕೊಳ್ಳುತ್ತದೆ, ಪ್ಲಾಸ್ಟಿಕ್‌ಗೆ ಅದು ಗೊತ್ತಿಲ್ಲ. ಗಾಳಿಯ ಉಷ್ಣತೆ 35 ಡಿಗ್ರಿ ಇರುವ ದಿನ ಟರ್ಫಿನ ಮೇಲ್ಮೈ 60 ಡಿಗ್ರಿ ದಾಟುವುದು ಮಾಮೂಲಿ. ನಮ್ಮ ಮಾರ್ಚ್, ಎಪ್ರಿಲ್ ತಿಂಗಳ ಬಿಸಿಲು, ಅದರ ಮೇಲೆ ಸಮುದ್ರ ಬದಿಯ ಬೆವರು. ಮಧ್ಯಾಹ್ನ ಎರಡೂವರೆಯ ಪಿ.ಟಿ. ಪೀರಿಯಡ್ಡಿಗೆ ಐದನೇ ಕ್ಲಾಸಿನ ಮಕ್ಕಳನ್ನು ಅದರ ಮೇಲೆ ಓಡಿಸುವವರು ಯಾರು? ಬಾಡಿಗೆ ಟರ್ಫಿನಲ್ಲಿ ಈ ತೊಂದರೆ ಗೊತ್ತಾಗುವುದಿಲ್ಲ, ಯಾಕೆಂದರೆ ಎಲ್ಲರೂ ಆಡುವುದು ರಾತ್ರಿ. ಶಾಲೆ ನಡೆಯುವುದು ಹಗಲು. ಅಂದರೆ ಬಿಸಿಲುಗಾಲದಲ್ಲಿ ಶಾಲೆಯ ಮಕ್ಕಳಿಗೆ ಕಡಿಮೆ ಉಪಯೋಗಕ್ಕೆ ಬರುವ, ರಾತ್ರಿ ಬಾಡಿಗೆಯವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಮೈದಾನವನ್ನು ಶಾಲೆ ಸಾಲ ಮಾಡಿ ಕಟ್ಟುತ್ತಿದೆ.

ಎರಡನೆಯದು ಉಜ್ಜಿದ ಗಾಯ. ಟರ್ಫಿನಲ್ಲಿ ಜಾರಿ ಬಿದ್ದರೆ ಚರ್ಮ ಸುಟ್ಟ ಹಾಗೆ ಕೀಳುತ್ತದೆ. 2003ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ರ‍್ಯಾಮ್ಸ್ ಎಂಬ ತಂಡದ ಐವರು ಆಟಗಾರರಿಗೆ ಮಾಮೂಲಿ ಆ್ಯಂಟಿಬಯೊಟಿಕ್‌ಗೆ ಬಗ್ಗದ ಸೋಂಕು ತಗಲಿತು. ಪರೀಕ್ಷಿಸಿ ನೋಡಿದರೆ ಒಟ್ಟು ಎಂಟು ಸೋಂಕೂ ಶುರುವಾದದ್ದು ಟರ್ಫಿನಲ್ಲಿ ಉಜ್ಜಿದ ಗಾಯದಿಂದಲೇ. ಮಣ್ಣಿನ ಗಾಯ ಪರಿಶುದ್ಧ ಅಂತ ಅರ್ಥವಲ್ಲ. ಟರ್ಫಿನ ಗಾಯವನ್ನು "ಸಣ್ಣದು" ಅಂತ ಬಿಡಬೇಡಿ, ಸಾಬೂನು ಹಾಕಿ ತೊಳೆದು ಮುಚ್ಚಿ, ಟವೆಲ್ ಹಂಚಿಕೊಳ್ಳಬೇಡಿ ಅಂತ ಹುಡುಗರಿಗೆ ಹೇಳಿಕೊಡಿ, ಅಷ್ಟೆ. ಮಂಡಿ, ಪಾದದ ಗಾಯದ ವಿಷಯದಲ್ಲಿ ಮಾತು ಇತ್ಯರ್ಥವಾಗಿಲ್ಲ. ಅಮೆರಿಕನ್ ಫುಟ್ಬಾಲ್ ಆಟಗಾರರ ಸಂಘ 2012ರಿಂದ 2018ರ ತನಕದ ಅಂಕಿಅಂಶ ಮುಂದಿಟ್ಟು, ಯಾರೂ ಡಿಕ್ಕಿ ಹೊಡೆಯದೆ ಆಗುವ ಕಾಲಿನ ಗಾಯಗಳು ಟರ್ಫಿನಲ್ಲಿ ಶೇ. 28ರಷ್ಟು ಹೆಚ್ಚು ಎಂದು ಹೇಳಿ ಹುಲ್ಲು ಕೇಳುತ್ತಿದೆ. ನಾವು ಆಡುವ ಫುಟ್ಬಾಲಿನ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಕಂಡಿಲ್ಲ. ಆದರೂ ದೊಡ್ಡ ಆಟಗಾರರ ಮನಸ್ಸು ಯಾವ ಕಡೆ ಅಂತ ನೋಡಬೇಕಾದರೆ ವಿಶ್ವಕಪ್ ನೋಡಿ. 2015ರ ಮಹಿಳಾ ವಿಶ್ವಕಪ್ಪನ್ನು ಕೆನಡಾದಲ್ಲಿ ಪೂರಾ ಟರ್ಫಿನಲ್ಲಿ ಆಡಿಸಿದರು. ಅಬಿ ವಾಂಬಾಕ್ ಮೊದಲಾದ ಆಟಗಾರ್ತಿಯರು ಅದಕ್ಕೆ ಮುಂಚೆಯೇ ಮಾನವ ಹಕ್ಕು ಮಂಡಳಿಗೆ ದೂರು ಕೊಟ್ಟಿದ್ದರು. ಗಂಡಸರಿಗೆ ಹುಲ್ಲು, ನಮಗೆ ಪ್ಲಾಸ್ಟಿಕ್ ಯಾಕೆ ಎಂಬುದು ಅವರ ಪ್ರಶ್ನೆ. ಕೊನೆಗೆ ದೂರು ಹಿಂದಕ್ಕೆ ಪಡೆದರು, ಆಡಿದರು. 2026ರ ಪುರುಷರ ವಿಶ್ವಕಪ್‌ಗೆ ಮಾತ್ರ, ಅಮೆರಿಕದಲ್ಲಿ ಟರ್ಫ್ ಇರುವ ಸ್ಟೇಡಿಯಮ್ಮುಗಳಿಗೂ ಹುಲ್ಲೇ ಹಾಸಬೇಕು ಅಂತ ಫಿಫಾ ಪಟ್ಟು ಹಿಡಿಯಿತು.

ಮಳೆಯ ಮಾತು ಬಿಟ್ಟರೆ ಕರಾವಳಿಯ ಲೇಖನ ಆಗುವುದಿಲ್ಲ. ದೊಡ್ಡ ಅಳತೆಯ ಒಂದು ಟರ್ಫ್ ಮೈದಾನಕ್ಕೆ ನೂರು ಟನ್‌ನ ಆಸುಪಾಸು ರಬ್ಬರ್ ಹರಳು ಬೀಳುತ್ತದೆ. ನಮ್ಮ ಕಡೆಯ ಸಣ್ಣ ಟರ್ಫುಗಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ, ಕೆಲವೆಡೆ ಬರೀ ಮರಳು. ಈ ಹರಳು ಶೂವಿನಲ್ಲಿ, ಸಾಕ್ಸಿನಲ್ಲಿ ಮನೆಗೆ ಬರುವುದನ್ನು ಗುಡಿಸುವ ಉಮ್ಮಂದಿರಿಗೆ ಹೇಳಿಕೊಡಬೇಕಾಗಿಲ್ಲ. ಮಳೆ ನೀರಿನ ಜೊತೆ ಚರಂಡಿಗೂ ಹೋಗುತ್ತದೆ. ಯುರೋಪಿನ ಕ್ರೀಡಾ ಮೈದಾನಗಳಿಂದಲೇ ವರ್ಷಕ್ಕೆ ಸುಮಾರು 16,000 ಟನ್ ತನಕ ಹೀಗೆ ಪರಿಸರಕ್ಕೆ ಸೇರುತ್ತದೆ ಎಂಬುದು ಅಲ್ಲಿನ ರಾಸಾಯನಿಕ ಸಂಸ್ಥೆಯ ಅಂದಾಜು. ಅದಕ್ಕೇ ಯುರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿ, ಇಂಥ ಪ್ಲಾಸ್ಟಿಕ್, ರಬ್ಬರ್ ಹರಳುಗಳ ಮಾರಾಟವನ್ನು ಎಂಟು ವರ್ಷಗಳ ಗಡುವು ಕೊಟ್ಟು 2031ರಿಂದ ನಿಲ್ಲಿಸುತ್ತಿದೆ. ಅಲ್ಲಿಗಿಂತ ಹಲವು ಪಟ್ಟು ಮಳೆ ಸುರಿಯುವ ಜಾಗ ನಮ್ಮದು. ಇಲ್ಲಿನ ಚರಂಡಿ ತೋಡಿಗೆ, ತೋಡು ನೇತ್ರಾವತಿಗೋ ಫಲ್ಗುಣಿಗೋ, ಅಲ್ಲಿಂದ ಸಮುದ್ರಕ್ಕೆ. ಬೂತಾಯಿ, ಬಂಗುಡೆ ನಮ್ಮ ತಟ್ಟೆಗೆ ಬರುವುದು ಎಲ್ಲಿಂದ ಅಂತ ಎಲ್ಲರಿಗೂ ಗೊತ್ತು. ಎಂಟು ಹತ್ತು ವರ್ಷಕ್ಕೆ ಟರ್ಫ್ ಸವೆದ ಮೇಲೆ ಆ ಸುರುಳಿಗಳನ್ನು ಎಲ್ಲಿ ಬಿಸಾಡುವುದು ಅಂತ ನಾವು ಸಭೆಯಲ್ಲಿ ಕೇಳಿದ್ದೆವು. "ಆಗ ನೋಡುವ" ಅಂದರು. ಸಾಲ ತೀರಲು ಐದು ವರ್ಷ, ಟರ್ಫ್ ಬಾಳುವುದು ಎಂಟೋ ಹತ್ತೋ, ಆಮೇಲೆ ಮತ್ತೆ ಸಾಲ. ಬಾಡಿಗೆ ನಿಲ್ಲಿಸುವ ದಿನ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಬರೀ ಬೇಡ ಅಂದರೆ ಸಾಲದು, ಬದಲಿಗೆ ಎಂತ ಮಾಡುವುದು ಅಂತ ಸಮಿತಿಯವರು ಕೇಳಿದ್ದಾರೆ. ನ್ಯಾಯವಾದ ಮಾತು. ನಮ್ಮಲ್ಲೊಬ್ಬರು ತೋಟಗಾರಿಕೆ ಕಲಿತವರು, ಅವರ ಜೊತೆ ಕೂತು ಲೆಕ್ಕ ಹಾಕಿದೆವು.

ಮೈದಾನ 60 ಮೀಟರ್ ಉದ್ದ, 40 ಮೀಟರ್ ಅಗಲ. ಮೊದಲ ಕೆಲಸ ನೀರು ಹರಿದು ಹೋಗುವ ದಾರಿ. ನಡು ಭಾಗವನ್ನು ಅಂಚಿಗಿಂತ 20 ಸೆಂಟಿಮೀಟರ್ ಎತ್ತರ ಮಾಡಿದರೆ ಎರಡೂ ಬದಿಗೆ ನೂರಕ್ಕೆ ಒಂದರ ಇಳಿಜಾರು ಸಿಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ಅಂಚಿನಲ್ಲಿ ಕಲ್ಲು ತುಂಬಿದ ಚರಂಡಿ. ಮುರಕಲ್ಲಿನ ಗಟ್ಟಿ ನೆಲವನ್ನು ಒಮ್ಮೆ ಕೆದಕಿ, ಅದರ ಮೇಲೆ ಮರಳು ಬೆರೆಸಿದ ಮಣ್ಣು ನಾಲ್ಕು ಇಂಚು. ಅದು ಸುಮಾರು 240 ಘನ ಮೀಟರ್, ಟಿಪ್ಪರ್ ಲೆಕ್ಕದಲ್ಲಿ ನಲವತ್ತು ಲೋಡಿನ ಆಸುಪಾಸು. ಇದು ಒಂದೇ ಸಲದ ಖರ್ಚು. ಗಲ್ಫಿನ ಗೆಳೆಯರು ಕೊಡುತ್ತೇವೆ ಅಂದ ಅರ್ಧ ದುಡ್ಡು ಇದಕ್ಕೆ ಸಾಕು, ಸಾಲ ಬೇಡ ಎಂಬುದು ನಮ್ಮ ಅಂದಾಜು. ಸಮಿತಿಯವರು ಕೊಟೇಶನ್ ತರಿಸಿ ನೋಡಲಿ.

ಹುಲ್ಲು ಪೇಟೆಯಿಂದ ತರಬೇಕಾಗಿಲ್ಲ. ನಮ್ಮ ಗರಿಕೆಯೇ ಸಾಕು. ಜಗತ್ತಿನ ಬಿಸಿ ದೇಶಗಳ ಫುಟ್ಬಾಲ್ ಮೈದಾನಗಳಲ್ಲಿ ಬರ್ಮುಡಾ ಹುಲ್ಲು ಅಂತ ಹಾಸುತ್ತಾರಲ್ಲ, ಅದು ಈ ಗರಿಕೆಯ ಜಾತಿಯೇ. ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ, ತುಳಿದರೆ ಸಾಯುವುದಿಲ್ಲ, ಗಂಟು ಗಂಟಿಗೂ ಬೇರು ಬಿಡುತ್ತದೆ. ಅದಕ್ಕೆ ನೆರಳು ಮಾತ್ರ ಆಗದು. ಜೂನ್ ಮೊದಲ ಮಳೆಗೆ ಗೇಣಿಗೊಂದರಂತೆ ಬಳ್ಳಿ ತುಂಡು ಊರಿದರೆ ಎರಡು ಮೂರು ತಿಂಗಳಲ್ಲಿ ನೆಲ ಮುಚ್ಚುತ್ತದೆ. ಆ ಎರಡು ಮೂರು ತಿಂಗಳು ಮಕ್ಕಳನ್ನು ಹೊರಗಿಡಬೇಕು, ಅದು ನಿಜವಾದ ಕಷ್ಟ. ಅರ್ಧ ಮೈದಾನ ಈ ವರ್ಷ, ಇನ್ನರ್ಧ ಬರುವ ವರ್ಷ ಅಂತ ಮಾಡಿದರೆ ಆಟ ನಿಲ್ಲುವುದಿಲ್ಲ. ಪಕ್ಕದ ಮನೆಯ ಆಡು, ದನ ಒಳಗೆ ಬಾರದ ಹಾಗೆ ನೋಡಿಕೊಳ್ಳಬೇಕು, ಅದಕ್ಕೆ ಪಕ್ಕದ ಮನೆಯವರ ಹತ್ತಿರ ಒಳ್ಳೆಯ ಮಾತಿನಲ್ಲಿ ಹೇಳಬೇಕು. ಗೋಲ್ ಪೋಸ್ಟನ್ನು ಕಬ್ಬಿಣದ್ದು ಮಾಡಿ ಎತ್ತಿ ಇಡುವ ಹಾಗೆ ಇಟ್ಟರೆ ತಿಂಗಳಿಗೊಮ್ಮೆ ಜಾಗ ಬದಲಿಸಬಹುದು, ಒಂದೇ ಕಡೆ ಬೋಳಾಗುವುದಿಲ್ಲ. ಬಿಡುವಾಗ ಆ ಪೋಸ್ಟನ್ನು ಕಡ್ಡಾಯವಾಗಿ ನೆಲಕ್ಕೆ ಬಿಗಿಯಬೇಕು. ಸಡಿಲ ಪೋಸ್ಟು ಮಗುವಿನ ಮೇಲೆ ಬಿದ್ದರೆ ಮೈದಾನವೇ ಬೇಡ ಅನ್ನಿಸಿಬಿಡುತ್ತದೆ.

ನೀರಿನ ಪ್ರಶ್ನೆಯನ್ನು ಮರೆಮಾಚುವುದಿಲ್ಲ. ಬೇಸಿಗೆಯಲ್ಲಿ ಪೂರಾ ಮೈದಾನವನ್ನು ಹಸಿರಾಗಿಡಬೇಕಾದರೆ ದಿನಕ್ಕೆ 5 ಮಿಲಿಮೀಟರ್ ನೀರು ಅಂತ ಲೆಕ್ಕ ಹಾಕಿದರೂ 12,000 ಲೀಟರ್. ಅಂದರೆ ದಿನಾ ಒಂದು ದೊಡ್ಡ ಟ್ಯಾಂಕರ್. ಬಾವಿ ಬತ್ತುವ ಎಪ್ರಿಲಿನಲ್ಲಿ ಅದು ಆಗದ ಮಾತು, ಆಗಬಾರದ ಮಾತು ಕೂಡ. ಗರಿಕೆಯನ್ನು ಒಣಗಲು ಬಿಡಿ. ಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ, ಬೇರು ಕಾಯುತ್ತದೆ, ಮಳೆಗೆ ಮತ್ತೆ ಚಿಗುರುತ್ತದೆ. ಎರಡೂ ಗೋಲಿನ ಮುಂದಿನ ಜಾಗವನ್ನು ಮಾತ್ರ ಉಳಿಸಿಕೊಂಡರೆ ಸಾಕು, ಅದಕ್ಕೆ ದಿನಕ್ಕೆ ಸಾವಿರ ಲೀಟರ್ ಹೆಚ್ಚೆಂದರೆ. ಶಾಲೆಯ ಕಾಂಪೌಂಡಿಗೆ ತಾಗಿಯೇ ಮಸೀದಿ ಇದೆ. ವುಳೂ ಮಾಡಿದ ನೀರು ಈಗ ಸೀದಾ ಚರಂಡಿಗೆ ಹೋಗುತ್ತಿದೆ. ಐದು ಹೊತ್ತಿಗೆ ಸೇರಿ ಮುನ್ನೂರು ಮಂದಿ, ತಲಾ ನಾಲ್ಕು ಲೀಟರ್ ಅಂದರೆ ಸಾವಿರದ ಇನ್ನೂರು. ಒಂದು ಟ್ಯಾಂಕಿ, ಒಂದು ಪೈಪು. ಜಮಾಅತಿನವರ ಹತ್ತಿರ ಮಾತಾಡಿದ್ದೇವೆ, ಯಾರೂ ಬೇಡ ಅನ್ನಲಿಲ್ಲ. ಟ್ಯಾಂಕಿ ಯಾರ ಲೆಕ್ಕದಲ್ಲಿ ಅನ್ನುವ ಚರ್ಚೆ ಮಾತ್ರ ನಡೆಯುತ್ತಿದೆ!

ಹೆಣ್ಣು ಮಕ್ಕಳ ಮಾತು ಸಭೆಯಲ್ಲಿ ಒಮ್ಮೆಯೂ ಬರಲಿಲ್ಲ. ಆ ಶಾಲೆಯಲ್ಲಿ ಅರ್ಧದಷ್ಟು ಹೆಣ್ಣು ಮಕ್ಕಳು. ಸಂಜೆ ಐದರ ಮೇಲೆ ಬಾಡಿಗೆ ಟೀಮುಗಳು ಬೈಕಿನಲ್ಲಿ ಬಂದು ಇಳಿಯುವ ಜಾಗಕ್ಕೆ ಅವರು ಬರುವುದಿಲ್ಲ, ನಾವು ಕಳಿಸುವುದೂ ಇಲ್ಲ. ಹಗಲಿನ ಬಿಸಿಯಲ್ಲಿ ಟರ್ಫಿಗೆ ಇಳಿಯುವಂತಿಲ್ಲ. ಅವರ ಪಾಲಿಗೆ ಆ ಟರ್ಫ್ ಕಿಟಕಿಯಿಂದ ನೋಡುವ ಚಿತ್ರ. ಮೈದಾನ ಶಾಲೆಯದ್ದಾಗಿಯೇ ಉಳಿದರೆ ಶಾಲೆ ಬಿಟ್ಟ ಕೂಡಲೇ ಒಂದು ಗಂಟೆ ಅವರಿಗೆ ಅಂತ ಮೀಸಲಿಡಬಹುದು, ಆಮೇಲೆ ಮಗ್ರಿಬ್ ತನಕ ಊರಿನ ಹುಡುಗರಿಗೆ. ಊರಿನ ಹುಡುಗರು ಅಂದರೆ ಆ ಶಾಲೆಯಲ್ಲಿ ಓದುವವರು ಮಾತ್ರ ಅಲ್ಲ. ಸರಕಾರಿ ಶಾಲೆಗೆ ಹೋಗುವವರೂ, ಓದು ಬಿಟ್ಟು ಗ್ಯಾರೇಜಿಗೆ ಸೇರಿದವರೂ, ಪಕ್ಕದ ಕಾಲನಿಯ ತುಳು ಮಾತಾಡುವ ಮಕ್ಕಳೂ. ರಾತ್ರಿ ಮೈದಾನಕ್ಕೆ ರಜೆ. ರಾತ್ರಿ ಹನ್ನೆರಡಕ್ಕೆ ಆಟ ಮುಗಿಸಿ ಮಲಗಿದ ಹುಡುಗ ಬೆಳಿಗ್ಗೆ ಮದ್ರಸದಲ್ಲಿ ತೂಕಡಿಸುವುದನ್ನು ಉಸ್ತಾದರು ಈಗಾಗಲೇ ಸಾಕಷ್ಟು ನೋಡಿದ್ದಾರೆ.

ಟರ್ಫ್ ಬೇಕೇ ಬೇಕು ಅನ್ನುವ ಉದ್ಯಮಿಗಳಿಗೆ ಪೇಟೆಯ ಬದಿಯಲ್ಲಿ ಜಾಗ ಇದೆ. ಅಲ್ಲಿ ಹಾಕಲಿ, ನಾವೂ ದುಡ್ಡು ಕೊಟ್ಟು ಆಡಲು ಹೋಗುತ್ತೇವೆ. ರಬ್ಬರ್ ಬಿಟ್ಟು ಬರೀ ಮರಳು ತುಂಬಲಿ, ಚರಂಡಿಗೆ ಜಾಲರಿ ಹಾಕಲಿ ಅಂತ ಒಂದು ಮಾತು ಹೇಳುತ್ತೇವೆ, ಅಷ್ಟೆ.

ಸಮಿತಿಯ ಮುಂದಿನ ಸಭೆ ಬರುವ ಎರಡನೇ ಶನಿವಾರ. ನಮ್ಮ ಲೆಕ್ಕದ ಹಾಳೆಯನ್ನು ಅಧ್ಯಕ್ಷರಿಗೆ ಮುಂಚಿತವಾಗಿ ಕೊಟ್ಟಿದ್ದೇವೆ. ಮಕ್ಕಳ ಪೋಷಕರಾದವರು ಆ ದಿನ ಬನ್ನಿ, ಉಮ್ಮಂದಿರೂ ಬನ್ನಿ, ಟರ್ಫ್ ಬೇಕು ಅನ್ನುವವರೂ ಬನ್ನಿ. ಮೊನ್ನೆ ಭಾನುವಾರ ಅಸರ್ ಆದ ಮೇಲೆ ನಾವು ಮೈದಾನ ಅಳೆಯಲು ಹೋಗಿದ್ದೆವು. ಟೇಪಿನ ಒಂದು ತುದಿ ಹಿಡಿದದ್ದು ಏಳನೇ ಕ್ಲಾಸಿನ ಅದೇ ಹುಡುಗ. ಮೂಲೆಯ ಹೊಂಡವನ್ನು ತೋರಿಸಿ, ಮಣ್ಣು ಹಾಕುವುದಾದರೆ ಮೊದಲು ಇಲ್ಲಿಗೆ ಹಾಕಿ, ಕಾರ್ನರ್ ಕಿಕ್ ಹೊಡೆಯುವಾಗ ಕಾಲು ಉಳುಕುತ್ತದೆ ಅಂದ.